ಬ್ರಿಟನ್ನಿನ ಐಸಿಯುನಲ್ಲಿ ಸಂಶೋಧನೆಯ ಕಾಗದ ನಿಮ್ಮ ಕೈಗೆ ಬಂದಾಗ

ವೆಂಟಿಲೇಟರ್ ಹಾಕಿದ ಎರಡನೆಯ ದಿನ ಮಧ್ಯಾಹ್ನ ನನ್ನ ಪತಿಯ ಹಾಸಿಗೆಯ ಬಳಿಗೆ ಒಬ್ಬ ನರ್ಸ್ ಬಂದರು. ಅಲ್ಲಿದ್ದ ಉಳಿದ ನರ್ಸ್‌ಗಳದ್ದಕ್ಕಿಂತ ಬೇರೆ ಬಣ್ಣದ ಸಮವಸ್ತ್ರ, ಕೈಯಲ್ಲಿ ಪಿನ್ ಮಾಡಿದ ಕೆಲವು ಹಾಳೆಗಳು. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ತಾವು ಸಂಶೋಧನಾ ತಂಡದವರು ಎಂದರು. ವೆಂಟಿಲೇಟರಿನಲ್ಲಿರುವವರಿಗೆ ಆಕ್ಸಿಜನ್ ಎಷ್ಟು ಕೊಡಬೇಕು ಎಂಬ ಅಧ್ಯಯನಕ್ಕೆ ನನ್ನ ಪತಿಯನ್ನು ಹಿಂದಿನ ರಾತ್ರಿಯೇ ಸೇರಿಸಲಾಗಿದೆ, ಮುಂದುವರಿಸಬಹುದೇ ಎಂದು ಕೇಳಲು ಬಂದಿದ್ದೇನೆ ಎಂದರು. ನಮ್ಮ ಅತ್ತೆ ಮಂಚದ ಕಂಬಿ ಹಿಡಿದು ನಿಂತಿದ್ದರು. ವಿಷಯ ತಿಳಿಸಿದ ಕೂಡಲೇ ಅವರು ಕೇಳಿದ್ದು ಒಂದೇ ಮಾತು: “ನಮ್ಮನ್ನು ಕೇಳದೆಯೇ ನನ್ನ ಮಗನ ಮೇಲೆ ಪ್ರಯೋಗ ಮಾಡುತ್ತಿದ್ದಾರೇನಮ್ಮಾ?”

ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಬ್ರಿಟನ್ನಿಗೆ ಬಂದ ಕನ್ನಡಿಗರಿಗೆ ಜಿ.ಪಿ. (ಕುಟುಂಬ ವೈದ್ಯರ) ನೋಂದಣಿ, ಶಾಲೆಯ ಅರ್ಜಿ, ಕೌನ್ಸಿಲ್ ತೆರಿಗೆಗಳ ಬಗ್ಗೆ ಹೇಳಿಕೊಡಲು ಹತ್ತು ಜನ ಇರುತ್ತಾರೆ. ಈ ಕಾಗದದ ಬಗ್ಗೆ ಹೇಳಿಕೊಡುವವರು ಯಾರೂ ಸಿಗಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅತ್ತೆಯ ಪ್ರಶ್ನೆಗೆ ಬರುತ್ತೇನೆ. ಕೇಳದೆಯೇ ಸೇರಿಸಬಹುದೇ? ಕಾನೂನಿನ ಕಟ್ಟಳೆಯೊಳಗೆ ಸೇರಿಸಬಹುದು. ಹೃದಯ ನಿಂತವರು, ತಲೆಗೆ ಪೆಟ್ಟು ಬಿದ್ದವರು, ಸೆಪ್ಸಿಸ್‌ನಿಂದ (ತೀವ್ರ ಸೋಂಕಿನಿಂದ) ರಕ್ತದೊತ್ತಡ ಕುಸಿದವರು ತಾವಾಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಚಿಕಿತ್ಸೆ ನಿಮಿಷಗಳಲ್ಲಿ ಆರಂಭವಾಗಬೇಕು, ಮನೆಯವರು ಇನ್ನೂ ದಾರಿಯಲ್ಲಿರುತ್ತಾರೆ. ಇಂಥ ಸಂದರ್ಭಕ್ಕೆಂದೇ ಮೊದಲು ರೋಗಿಯನ್ನು ಸೇರಿಸಿ, ಸಾಧ್ಯವಾದಷ್ಟು ಬೇಗ ಮನೆಯವರನ್ನು ಕೇಳುವ ಪದ್ಧತಿ ಇದೆ. ಆದರೆ ವೈದ್ಯರು ತಮ್ಮಷ್ಟಕ್ಕೆ ತಾವೇ ಹೀಗೆ ಮಾಡುವಂತಿಲ್ಲ. ಸಂಶೋಧನಾ ನೈತಿಕ ಸಮಿತಿಯೊಂದು ಅಧ್ಯಯನದ ಪ್ರತಿ ಹೆಜ್ಜೆಯನ್ನೂ ಮುಂಚಿತವಾಗಿ ಓದಿ, ಒಪ್ಪಿಗೆ ಇಲ್ಲದೆ ಆರಂಭಿಸುವುದು ಇಲ್ಲಿ ಅನಿವಾರ್ಯವೇ ಎಂದು ಪರಿಶೀಲಿಸಿ ಅನುಮತಿ ಕೊಟ್ಟಿರಬೇಕು.

ಇಷ್ಟಕ್ಕೂ ಇಂಥ ಅಧ್ಯಯನ ಏಕೆ ಬೇಕು? ನನ್ನ ಮನಸ್ಸನ್ನು ಬದಲಿಸಿದ ಒಂದು ಸಂಗತಿ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದವರಿಗೆ ಮಿದುಳಿನ ಊತ ಇಳಿಯಲೆಂದು ವೈದ್ಯರು 30 ವರ್ಷಗಳಿಗೂ ಹೆಚ್ಚು ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. ತರ್ಕಕ್ಕೆ ಸರಿಯಾಗಿಯೇ ಕಾಣುತ್ತಿತ್ತು. ಲಂಡನ್ನಿನಿಂದ ನಿರ್ವಹಿಸಿದ ಕ್ರ್ಯಾಶ್ ಎಂಬ ಅಧ್ಯಯನ 10,008 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿತು. 2004ರಲ್ಲಿ ಫಲಿತಾಂಶ ಬಂದಾಗ, ಎರಡು ವಾರಗಳೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. ಒಳ್ಳೆಯದೆಂದು ನಂಬಿ ಕೊಟ್ಟ ಔಷಧವೇ ಜೀವ ತೆಗೆಯುತ್ತಿತ್ತು. ಯಾವ ಒಬ್ಬ ವೈದ್ಯರ ಅನುಭವಕ್ಕೂ ಇದು ಸಿಕ್ಕಿರಲಿಲ್ಲ. ತೀರಿಕೊಂಡವರೆಲ್ಲ ಪೆಟ್ಟಿನಿಂದಲೇ ತೀರಿಕೊಂಡರು ಎಂದೇ ಎಲ್ಲರೂ ಭಾವಿಸಿದ್ದರು.

ಅದೇ ಸ್ಟೀರಾಯ್ಡ್ ಗುಂಪಿನ ಇನ್ನೊಂದು ಔಷಧ, ಡೆಕ್ಸಾಮೆಥಾಸೋನ್, ಕೋವಿಡ್ ಕಾಲದಲ್ಲಿ ಜೀವ ಉಳಿಸಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2020ರ ಮಾರ್ಚ್‌ನಲ್ಲಿ ಆರಂಭವಾದ ರಿಕವರಿ ಅಧ್ಯಯನ ಜೂನ್ 16ರಂದು ಅದರ ಫಲಿತಾಂಶ ಪ್ರಕಟಿಸಿತು. ವೆಂಟಿಲೇಟರಿನಲ್ಲಿದ್ದವರ ಸಾವಿನ ಪ್ರಮಾಣ ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಆಗ ಭಾರೀ ಸುದ್ದಿಯಲ್ಲಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆಗೆ ದಾಖಲಾದವರಿಗೆ ಪ್ರಯೋಜನವಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ತಿಳಿಯಿತು.

ಈಗ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಬರೋಣ.

ಮೊದಲು ನೋಡಬೇಕಾದದ್ದು, ಯಾವುದನ್ನು ಯಾವುದರೊಂದಿಗೆ ಹೋಲಿಸುತ್ತಿದ್ದಾರೆ ಎಂಬುದು. ಐಸಿಯು ಅಧ್ಯಯನಗಳಲ್ಲಿ ಅನೇಕವು ಹೊಚ್ಚಹೊಸ ಔಷಧದ ಪರೀಕ್ಷೆಗಳಲ್ಲ, ಈಗಾಗಲೇ ಬಳಕೆಯಲ್ಲಿರುವ ಎರಡು ಕ್ರಮಗಳ ಹೋಲಿಕೆ. ಆಕ್ಸಿಜನ್ನಿನ ಪ್ರಶ್ನೆಯೂ ಅಂಥದ್ದೇ. ರಕ್ತದಲ್ಲಿ ಆಕ್ಸಿಜನ್ ಮಟ್ಟ ಶೇ 90ರ ಆಸುಪಾಸಿನಲ್ಲಿದ್ದರೆ ಸಾಕೇ, ರೂಢಿಯಂತೆ ಅದಕ್ಕಿಂತ ಹೆಚ್ಚು ಇಡಬೇಕೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ನಡೆದ ಯುಕೆ-ರಾಕ್ಸ್ ಅಧ್ಯಯನದಲ್ಲಿ 97 ಐಸಿಯುಗಳ ಸುಮಾರು 16,500 ರೋಗಿಗಳಿದ್ದರು. 2025ರಲ್ಲಿ ಫಲಿತಾಂಶ ಬಂತು: 90 ದಿನಗಳ ಸಾವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಇದೂ ಬಹಳ ಉಪಯುಕ್ತ ಉತ್ತರ ಎಂಬುದು ನನ್ನ ಅಭಿಪ್ರಾಯ.

ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ನಿಮ್ಮವರ ಬಣ್ಣ, ದೇಶ, ವೀಸಾ ನೋಡಿ ಅಲ್ಲ. ಈ ಅನುಮಾನ ನಮ್ಮವರಲ್ಲಿ ಎಷ್ಟು ಗಾಢವಾಗಿದೆ ಎಂದು ಬಲ್ಲೆನಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ರೋಗಿಯ ಹಿತಕ್ಕೆ ಅಗತ್ಯವೆನಿಸಿದರೆ ಚಿಕಿತ್ಸೆ ನೀಡುವ ವೈದ್ಯರು ಅಧ್ಯಯನದ ಕ್ರಮವನ್ನು ಬಿಟ್ಟು ನಡೆಯಬಹುದು. ದೊಡ್ಡ ಅಧ್ಯಯನಗಳಲ್ಲಿ ಹೊರಗಿನ ತಜ್ಞರ ಸ್ವತಂತ್ರ ಸಮಿತಿಯೊಂದು ಮಧ್ಯೆ ಮಧ್ಯೆ ಅಂಕಿ ಅಂಶ ನೋಡುತ್ತಿರುತ್ತದೆ. ಮೇಲೆ ಹೇಳಿದ ಕ್ರ್ಯಾಶ್ ಅಧ್ಯಯನ ಗುರಿಯಿಟ್ಟಷ್ಟು ರೋಗಿಗಳನ್ನು ತಲುಪುವ ಮೊದಲೇ ನಿಂತದ್ದು ಇಂಥ ಸಮಿತಿಯ ಕಣ್ಣಿಗೆ ಅಪಾಯ ಬಿದ್ದದ್ದರಿಂದ.

ಇನ್ನು ಸಹಿಯ ವಿಷಯ. ಭಾರತದ ಆಸ್ಪತ್ರೆಗಳಲ್ಲಿ ಮನೆಯವರು ಎಲ್ಲದಕ್ಕೂ ಸಹಿ ಹಾಕಿ ಅಭ್ಯಾಸ. ಇಲ್ಲಿ ಹಾಗಿಲ್ಲ, ಗೊಂದಲವಾಗುವುದು ಇಲ್ಲಿಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಪ್ರಜ್ಞೆಯಿಲ್ಲದ ವಯಸ್ಕರ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಗಂಡ, ಹೆಂಡತಿ, ಮಕ್ಕಳು ಎಂಬ ಕಾರಣಕ್ಕೆ ಬರುವುದಿಲ್ಲ. ‘ನೆಕ್ಸ್ಟ್ ಆಫ್ ಕಿನ್’ ಎಂದು ಹೆಸರು ಬರೆಸಿದ್ದರೂ ಅದಕ್ಕೆ ಕಾನೂನಿನ ಬಲವಿಲ್ಲ. ವೈದ್ಯರು ರೋಗಿಯ ಹಿತ ನೋಡಿ ನಿರ್ಧರಿಸುತ್ತಾರೆ, ನಿಮ್ಮ ಮಾತನ್ನು ಕೇಳಿಸಿಕೊಳ್ಳಬೇಕಾದದ್ದು ಅವರ ಕರ್ತವ್ಯ. ಆ ಅಧಿಕಾರವೇ ನಿಮ್ಮವರಿಗೆ ಬೇಕೆಂದಿದ್ದರೆ ಆರೋಗ್ಯ ಮತ್ತು ಯೋಗಕ್ಷೇಮಕ್ಕೆ ಸಂಬಂಧಿಸಿದ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ ಎಂಬ ಅಧಿಕಾರಪತ್ರವನ್ನು ಆರೋಗ್ಯವಾಗಿರುವಾಗಲೇ ನೋಂದಾಯಿಸಿಡಿ. ಐಸಿಯು ಬಾಗಿಲಲ್ಲಿ ನಿಂತು ಮಾಡಿಸುವ ಕೆಲಸವಲ್ಲ ಅದು.

ಸಂಶೋಧನೆಯಲ್ಲಿ ಮನೆಯವರಿಗೆ ಬೇರೆಯದೇ ಪಾತ್ರವಿದೆ. ಔಷಧಗಳನ್ನು ಪರೀಕ್ಷಿಸುವ ಟ್ರಯಲ್ ಆದರೆ 2004ರ ನಿಯಮಗಳ ಪ್ರಕಾರ ನೀವು ‘ಲೀಗಲ್ ರೆಪ್ರೆಸೆಂಟೇಟಿವ್’ ಆಗಿ ಒಪ್ಪಿಗೆ ಕೊಡುತ್ತೀರಿ ಇಲ್ಲವೇ ನಿರಾಕರಿಸುತ್ತೀರಿ. ಉಳಿದ ಅಧ್ಯಯನಗಳಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2005ರ ಮೆಂಟಲ್ ಕೆಪ್ಯಾಸಿಟಿ ಕಾಯಿದೆಯಂತೆ ನೀವು ‘ಕನ್ಸಲ್ಟೀ’, ಅಂದರೆ ಸಲಹೆ ಹೇಳುವವರು. ಸ್ಕಾಟ್ಲೆಂಡ್‌ಗೆ 2000ನೇ ಇಸವಿಯ ಬೇರೆ ಕಾಯಿದೆ ಇದೆ, ಅಲ್ಲಿ ಹತ್ತಿರದ ಸಂಬಂಧಿಯ ಒಪ್ಪಿಗೆಗೆ ಕಾನೂನಿನಲ್ಲಿಯೇ ಸ್ಥಾನವಿದೆ. ನಿಮ್ಮ ಕಾಗದದ ಮೇಲೆ ಯಾವ ಪದವಿದೆ ಎಂದು ನೋಡಿಕೊಳ್ಳಿ.

ಕನ್ಸಲ್ಟೀಗೆ ಕೇಳುವ ಪ್ರಶ್ನೆಯನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಎದೆಯ ಭಾರ ಅರ್ಧ ಇಳಿಯುತ್ತದೆ. ‘ನಿನಗೇನನ್ನಿಸುತ್ತದೆ’ ಎಂದು ಅವರು ಕೇಳುತ್ತಿಲ್ಲ. ‘ಅವರು ಎಚ್ಚರವಾಗಿದ್ದರೆ ಏನೆನ್ನುತ್ತಿದ್ದರು’ ಎಂದು ಕೇಳುತ್ತಿದ್ದಾರೆ. ನಾನು ನನ್ನ ಭಯವನ್ನು ಪಕ್ಕಕ್ಕಿಟ್ಟು ಅವರನ್ನು ನೆನೆದೆ. ವರ್ಷಕ್ಕೆರಡು ಬಾರಿ ತಪ್ಪದೆ ರಕ್ತದಾನ ಮಾಡುವ ಮನುಷ್ಯ. ಉತ್ತರ ಹೊಳೆಯಿತು. ಅತ್ತೆಗೂ ಹೀಗೆಯೇ ಕೇಳಿದೆ. ಸ್ವಲ್ಪ ಹೊತ್ತು ಮಗನ ಮುಖ ನೋಡಿ, “ಅವನಾಗಿದ್ದರೆ ಹೂಂ ಎನ್ನುತ್ತಿದ್ದ” ಎಂದರು.

ನಿಮ್ಮವರು ಬೇಡವೆನ್ನುವ ಸ್ವಭಾವದವರಾಗಿದ್ದರೆ ಬೇಡವೆನ್ನಿ. ಕಾರಣ ಕೊಡಬೇಕಿಲ್ಲ. ಚಿಕಿತ್ಸೆಯಲ್ಲಿ ಕೊರತೆಯಾಗುವುದಿಲ್ಲ, ಅಧ್ಯಯನದ ಕ್ರಮ ಬಿಟ್ಟು ಆ ಘಟಕದ ರೂಢಿಯ ಚಿಕಿತ್ಸೆ ಮುಂದುವರಿಯುತ್ತದೆ. ಆಗಲೇ ಸಂಗ್ರಹಿಸಿದ ಮಾಹಿತಿ ಮತ್ತು ರಕ್ತದ ಮಾದರಿಗಳನ್ನು ಏನು ಮಾಡುತ್ತೀರಿ ಎಂದು ಮಾತ್ರ ತಪ್ಪದೆ ಕೇಳಿ, ಏಕೆಂದರೆ ಇದು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ತಕ್ಷಣ ಹೇಳಲಾಗದಿದ್ದರೆ ಸಮಯ ಕೇಳಿ. ನನಗೆ ಮಾರನೆಯ ದಿನದವರೆಗೆ ಸಮಯ ಸಿಕ್ಕಿತು.

ಮುಂಚಿತವಾಗಿಯೇ ಬೇಡವೆನ್ನಲು ಅವಕಾಶ ಕೊಟ್ಟ ಅಧ್ಯಯನವೂ ಇದೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಅಡ್ರಿನಲಿನ್ ಉಪಯುಕ್ತವೇ ಎಂದು ಬ್ರಿಟನ್ನಿನ ಐದು ಆ್ಯಂಬುಲೆನ್ಸ್ ಸೇವೆಗಳು ಪ್ಯಾರಾಮೆಡಿಕ್-2 ಅಧ್ಯಯನದಲ್ಲಿ 8,014 ಜನರಲ್ಲಿ ಪರೀಕ್ಷಿಸಿದವು. ಸೇರಲು ಇಷ್ಟವಿಲ್ಲದ ಸಾರ್ವಜನಿಕರು ಕೇಳಿ ಪಡೆದು ಕೈಗೆ ಹಾಕಿಕೊಳ್ಳಲು ಉಕ್ಕಿನ ಬಳೆಯೊಂದನ್ನು ಮಾಡಿಸಿಟ್ಟಿದ್ದರು. 2018ರಲ್ಲಿ ಬಂದ ಫಲಿತಾಂಶ ಮನ ಕಲಕುವಂಥದ್ದು. 30 ದಿನ ಬದುಕಿದವರು ಅಡ್ರಿನಲಿನ್ ಗುಂಪಿನಲ್ಲಿ ಶೇ 3.2, ಇನ್ನೊಂದರಲ್ಲಿ ಶೇ 2.4. ಆದರೆ ಬದುಕಿ ಮನೆಗೆ ಹೋದವರ ಪೈಕಿ ಮಿದುಳಿಗೆ ತೀವ್ರ ಹಾನಿಯಾಗಿದ್ದವರು ಅಡ್ರಿನಲಿನ್ ಗುಂಪಿನಲ್ಲಿಯೇ ಹೆಚ್ಚು.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಎನ್ಎಚ್ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ದುಭಾಷಿಯನ್ನು ಉಚಿತವಾಗಿ ಕೇಳಬಹುದು, ಫೋನಿನಲ್ಲಿಯೂ ವ್ಯವಸ್ಥೆಯಾಗುತ್ತದೆ. ‘ಕನ್ನಡ’ ಎಂದು ಅಕ್ಷರ ಬಿಡಿಸಿ ಹೇಳಿ. ನಮ್ಮ ಅತ್ತೆಗೆ ಮೊದಲ ದಿನ ಹಿಂದಿಯವರನ್ನು ಗೊತ್ತುಮಾಡಿದ್ದರು. ಅತ್ತೆ ಅರ್ಧ ತಾಸು ಸುಮ್ಮನೆ ತಲೆಯಾಡಿಸಿದರು, ಒಂದು ಮಾತೂ ಅರ್ಥವಾಗಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಈ ಮಾತುಗಳ ನಡುವೆ ನಿಲ್ಲಿಸಿ ಅನುವಾದ ಮಾಡಿಸಬೇಡಿ.

ಹಣದ ಬಗ್ಗೆ ಒಂದು ಮಾತು. ವೀಸಾ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದವರಿಗೆ ಐಸಿಯು ಬಿಲ್ ಬರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೆ ಇಂಗ್ಲೆಂಡ್‌ನಲ್ಲಿ ತುರ್ತು ವಿಭಾಗದ ಚಿಕಿತ್ಸೆ ಉಚಿತ, ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಎನ್ಎಚ್ಎಸ್ ದರದ ಶೇ 150ರಷ್ಟು ಕಟ್ಟಬೇಕು. ಹಣಕ್ಕಾಗಿ ತುರ್ತು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ. ಅಧ್ಯಯನಕ್ಕೆ ಸೇರಿದರೆ ಬಿಲ್ ಮನ್ನಾ ಆಗುತ್ತದೆಂದು ಮಾತ್ರ ಊಹಿಸಬೇಡಿ. ಅವರು ವಿಮಾನ ಹತ್ತುವ ಮೊದಲು ವಿಮೆ ಮಾಡಿಸಿ.

ಇಂಗ್ಲೆಂಡ್‌ನ ಆಸ್ಪತ್ರೆಗಳಲ್ಲಿ ದೂರು, ಸಂದೇಹಗಳಿಗೆ ‘ಪಾಲ್ಸ್’ ಎಂಬ ಸಹಾಯ ಕಚೇರಿ ಇರುತ್ತದೆ.

ಹದಿನೊಂದನೆಯ ದಿನ ನನ್ನ ಪತಿ ಕಣ್ಣು ಬಿಟ್ಟರು. ಅವರ ಹಾಸಿಗೆಯ ಬಳಿ ನರ್ಸ್‌ಗಳು ದಿನವೂ ಬರೆಯುತ್ತಿದ್ದ ಒಂದು ಡೈರಿ ಇತ್ತು. ಇಲ್ಲಿನ ಅನೇಕ ಐಸಿಯುಗಳಲ್ಲಿ ಈ ಪದ್ಧತಿ ಇದೆ, ಮನೆಯವರೂ ಅದರಲ್ಲಿ ಬರೆಯಬಹುದು. ಅತ್ತೆ ಅದರಲ್ಲಿ ಕನ್ನಡದಲ್ಲಿ ಬರೆದಿದ್ದರು. ಪ್ರಜ್ಞೆ ತಪ್ಪಿದ ದಿನಗಳನ್ನು ನನ್ನ ಪತಿ ಆಮೇಲೆ ಆ ಪುಟಗಳಿಂದಲೇ ಒಂದೊಂದಾಗಿ ಜೋಡಿಸಿಕೊಂಡರು. ವಾರ್ಡಿಗೆ ಬಂದ ಮೇಲೆ ಅದೇ ಸಂಶೋಧನಾ ನರ್ಸ್ ಮತ್ತೆ ಬಂದು, ಅದೇ ಹಾಳೆಗಳನ್ನು ಈ ಬಾರಿ ಅವರ ಕೈಗೇ ಕೊಟ್ಟರು. ರೋಗಿಗೆ ನಿರ್ಧರಿಸುವ ಶಕ್ತಿ ಮರಳಿದ ಮೇಲೆ ಅವರನ್ನೇ ಕೇಳಬೇಕು. ಅವರು ಬೇಡವೆಂದರೆ ನಾನು ಮೊದಲು ಹೇಳಿದ ಹೂಂ ಅಲ್ಲಿಗೆ ಮುಗಿಯಿತು. ಅವರು ಎರಡು ಬಾರಿ ಓದಿದರು. ಪೆನ್ನು ಬೆರಳುಗಳ ನಡುವೆ ನಿಲ್ಲುತ್ತಿರಲಿಲ್ಲ. ಹಾಸಿಗೆಯ ಟ್ರೇ ಮೇಲೆ ಕೈಯೂರಿ, ನಾನು ಕಾಗದ ಹಿಡಿದುಕೊಂಡಿರಲು, ತಮ್ಮ ಹೆಸರನ್ನು ತಾವೇ ಬರೆದರು.