ಬೋರ್‌ವೆಲ್ ಎಷ್ಟು ಅಡಿ ಅಂತ ಕೇಳಿದೆವು, ಊರು ಮಾತಾಡಿತು

ನಮ್ಮ ಟ್ರಸ್ಟಿನ ಫೇಸ್‌ಬುಕ್ ಪೇಜಿಗೆ ಈಗಲೂ ಮೂರು ಸಾವಿರ ಫಾಲೋವರ್‌ಗಳಿಲ್ಲ. ಆದರೂ ಹೋದ ವರ್ಷ ಒತ್ತುವರಿಯಾಗಿದ್ದ ನಮ್ಮ ಕೆರೆಗೆ ಸರ್ವೆಯವರು ಬಂದು ಅಳೆದರು, ರಾಜಕಾಲುವೆಗೆ ಸುರಿದಿದ್ದ ಮಣ್ಣು ಎದ್ದಿತು. "ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಇನ್ನೇನು ನಡೆಯುತ್ತೆ ಸಾರ್?" ಅಂತ ನಕ್ಕಿದ್ದ ನಮ್ಮ ಖಜಾಂಚಿಯೇ ಈಗ ಪಕ್ಕದ ಊರಿನವರಿಗೆ ಪಾಠ ಹೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ನಮ್ಮ ತಲೆಯಲ್ಲಿದ್ದದ್ದು ಬೆಂಗಳೂರಿನ 2016ರ 'ಸ್ಟೀಲ್ ಫ್ಲೈಓವರ್ ಬೇಡ' ಹೋರಾಟ. ಆ ಫ್ಲೈಓವರ್ ಸುಮಾರು 1,800 ಕೋಟಿಯ ಯೋಜನೆ. ಹ್ಯಾಷ್‌ಟ್ಯಾಗ್ ಓಡಿತು, ಅಕ್ಟೋಬರ್ 16ರಂದು ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ನಾವೂ ಒಂದು ಹ್ಯಾಷ್‌ಟ್ಯಾಗ್ ಕಟ್ಟಿದೆವು. ಪೋಸ್ಟರ್, ಬೂಸ್ಟು (ದುಡ್ಡು ಕೊಟ್ಟು ಪೋಸ್ಟ್ ಹರಡಿಸುವುದು) ಅಂತ ಹದಿನೆಂಟು ಇಪ್ಪತ್ತು ಸಾವಿರ ಹೋಯಿತು. ಲೈಕ್ ಬಂದದ್ದೆಲ್ಲ ಬೆಂಗಳೂರಿಂದ, ದುಬೈಯಿಂದ. ಗ್ರಾಮಸಭೆಗೆ ಬಂದದ್ದು ಏಳೆಂಟು ಜನ, ಅದೂ ನಾವು ನಾವೇ. ಬೆಂಗಳೂರಿನಲ್ಲಿ ಟ್ವಿಟರನ್ನು ಪತ್ರಕರ್ತರು, ಮಂತ್ರಿಗಳು ನೋಡುತ್ತಿದ್ದರು. ನಮ್ಮ ಕಡೆ ಪಿಡಿಒ ಆಗಲಿ, ಮೆಂಬರ್ ಆಗಲಿ ನೋಡುವುದು ವಾಟ್ಸಾಪ್ ಸ್ಟೇಟಸ್ಸು.

ಆಮೇಲೆ ಬಲ್ಕ್ ಎಸ್ಸೆಮ್ಮೆಸ್. ಅಂಥ ಮೆಸೇಜ್ ಕಳಿಸುವವರು ಮಾಡಿಸಲೇಬೇಕಾದ ಡಿಎಲ್‌ಟಿ ನೋಂದಣಿಗೇ ಐದಾರು ಸಾವಿರ. ಲೋನ್ ಕೊಡುವವರ ಮೆಸೇಜ್ ಇರಬೇಕು ಅಂತ ಜನ ಓದದೇ ಅಳಿಸಿದರು.

ಅಲ್ಲಿಗೆ 'ಕೆರೆ ಉಳಿಸಿ' ಅನ್ನುವುದನ್ನೇ ಬಿಟ್ಟೆವು. ನಮ್ಮದು ತುಮಕೂರು ಕಡೆಯ ಒಣ ಸೀಮೆ. ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ ಕಳಿಸಿದೆವು: ನಿಮ್ಮ ಬೋರ್‌ವೆಲ್ ಎಷ್ಟು ಅಡಿ, ನೀರು ಎಷ್ಟು ಇಂಚು, ವಾಯ್ಸ್ ಮೆಸೇಜ್ ಹಾಕಿ. ಸುಮ್ನೆ ಕೇಳಿ ನೋಡೋಣ ಅಂತ ಕೇಳಿದ್ದು. ಬಂದವು ನೋಡಿ! ಒಬ್ಬ ತಾತ ನಾಲ್ಕು ನಿಮಿಷ ಮಾತಾಡಿದ್ದರು. "ನಮ್ಮಪ್ಪನ ಕಾಲಕ್ಕೆ ಬಾವೀಲಿ ಕೈಯಲ್ಲೇ ಕೊಡ ಮುಳುಗಿಸ್ತಿದ್ರು ಕಣಪ್ಪ. ನಂದು ಮೊದಲ್ನೇ ಬೋರು ಮುನ್ನೂರು ಅಡಿ. ಈಗಿಂದು ಸಾವಿರದ ಇನ್ನೂರು, ಒಂದೂವರೆ ಇಂಚು, ಅದೂ ಕರೆಂಟ್ ಇದ್ರೆ." ಅವರನ್ನು ಕೇಳಿಯೇ ಅದನ್ನು ಎಲ್ಲಾ ಕೇರಿಗೂ ಬಿಟ್ಟೆವು. ಸಂಜೆಯೊಳಗೆ ಇನ್ನೂ ಮೂವತ್ತು ನಲವತ್ತು ಬಂದವು.

ಉತ್ತರ ಕೊಟ್ಟವರ ಹೆಸರೆಲ್ಲ ಒಂದು ನೋಟ್‌ಬುಕ್ಕಿಗೆ ಏರಿತು. ನಮ್ಮ ಅಸಲು ಬಂಡವಾಳ ಅದು. ಒಂದು ಗುಂಪಿಗೆ 1,024 ಜನ ಹಿಡಿಯುತ್ತಾರೆ ಅಂತ ತುಂಬಿಸಬೇಡಿ, ಇಬ್ಬರು ರಾಜಕೀಯ ಜಗಳ ಆಡುತ್ತಾರೆ, ಉಳಿದವರು ಮ್ಯೂಟ್ ಮಾಡುತ್ತಾರೆ. ನಮ್ಮದು ಕೇರಿಗೊಂದು ಗುಂಪು, ನಲವತ್ತು ಐವತ್ತು ಜನ. ಅಡ್ಮಿನ್‌ಗಳು ಡೇರಿ ಸೆಕ್ರೆಟರಿ, ಸ್ತ್ರೀಶಕ್ತಿ ಸಂಘದ ಅಕ್ಕಂದಿರು. ವಾರಕ್ಕೆ ಒಂದೇ ಕೆಲಸ. ಒಂದು ವಾರ ಏರಿ ಮೇಲೆ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರಿನ ಸ್ಕ್ರೀನ್‌ಶಾಟ್ ಕಳಿಸಿ ಅಂದೆವು. ಕೆರೆ ಅಂಗಳ ಎಲ್ಲಿಯವರೆಗಿದೆ, ತೋಟ ಎಲ್ಲಿಂದ ಶುರುವಾಗಿದೆ ಅಂತ ಹುಡುಗರೇ ಕಂಡುಕೊಂಡರು. ಅರ್ಜಿ ಯಾರಿಗೆ ಅನ್ನುವುದೂ ಮುಖ್ಯ. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ದರೆ ಪಂಚಾಯಿತಿ. ಇದು ಗೊತ್ತಿಲ್ಲದೆ ಅಲೆದವರು ಬಹಳ.

ನಡುವೆ ಕಾಲೇಜು ಹುಡುಗರು ಹಟ ಹಿಡಿದು ಡ್ರೋನ್ ಬಾಡಿಗೆ ತಂದರು, ಮೂರೂವರೆ ಸಾವಿರ. ರೀಲ್‌ಗೆ ನಲವತ್ತು ಸಾವಿರ ವ್ಯೂಸ್. ಅದನ್ನು ನೋಡಿ ಸಭೆಗೆ ಬಂದವರು ಯಾರೂ ಇಲ್ಲ, ಆದರೆ ಜಿಲ್ಲಾ ಪತ್ರಿಕೆಯವರೊಬ್ಬರು ಫೋನ್ ಮಾಡಿದರು. ದೇಣಿಗೆಗೆ ಅಂತ ಟೀ ಅಂಗಡಿಯಲ್ಲಿ ಕ್ಯೂಆರ್ ಅಂಟಿಸಿದ್ದೆವು, ಎರಡು ತಿಂಗಳಿಗೆ ಎರಡು ಸಾವಿರವೂ ಆಗಲಿಲ್ಲ. ದುಡ್ಡು ಬಂದದ್ದು ಊರು ಬಿಟ್ಟು ಬೆಂಗಳೂರು ಸೇರಿದವರಿಂದ, ಐನೂರೋ ಸಾವಿರವೋ ಹಾಕಿ ತೆರಿಗೆ ವಿನಾಯಿತಿಯ ರಸೀದಿ ಕೇಳುತ್ತಾರೆ. ಒಟ್ಟು ಅರವತ್ತು ಸಾವಿರದ ಹತ್ತಿರ. ಯಾವ ದಿನ, ಎಷ್ಟು ಹೊತ್ತಿಗೆ ಕೇಳಿದೆವು ಅನ್ನುವುದನ್ನು ಇಲ್ಲಿ ಬರೆಯಲಾರೆ, ಎಲ್ಲರೂ ಅದೇ ಹೊತ್ತಿಗೆ ಕೇಳಿದರೆ ನಮ್ಮ ಗತಿ?

ಮುಂದಿನ ಗ್ರಾಮಸಭೆಗೆ ಇನ್ನೂರು ಜನರ ಹತ್ತಿರ ಬಂದರು, ಕುರ್ಚಿ ಸಾಲಲಿಲ್ಲ. ಭಾಷಣ ಬೇಡ ಅಂತ ಮೊದಲೇ ಹೇಳಿದ್ದೆವು. ಒಬ್ಬೊಬ್ಬರೇ ಎದ್ದು ತಮ್ಮ ಬೋರಿನ ಅಡಿ ಹೇಳಿ ಕೂತರು. ಎಂಟುನೂರು, ಒಂಬೈನೂರ ಐವತ್ತು, ಸಾವಿರದ ನೂರು. ಸರ್ವೆಗೆ ನಿರ್ಣಯ ಅಲ್ಲೇ ಬರೆಸಿಕೊಂಡು, ಆ ಹಾಳೆಯ ಫೋಟೊ ಸಂಜೆಗೆ ಎಲ್ಲಾ ಗುಂಪಿಗೆ ಹಾಕಿದೆವು.

ಫೈಲು ಮೇಲಿನ ಕಚೇರಿಯಲ್ಲಿ ತಿಂಗಳುಗಟ್ಟಲೆ ಮಲಗಿತು. ಆಗ ಶುರುವಾದದ್ದು ಸೋಮವಾರದ ಸ್ಟೇಟಸ್: 'ಕೆರೆ ಸರ್ವೆ ಅರ್ಜಿ ಕೊಟ್ಟು ಇಷ್ಟು ವಾರ'. ಅಷ್ಟೇ, ಯಾರ ಹೆಸರೂ ಇಲ್ಲ, ಬೈಗುಳವೂ ಇಲ್ಲ. ಒತ್ತುವರಿ ಮಾಡಿದವರೂ ನಮ್ಮ ನೆಂಟರೇ ಅಲ್ವಾ? ನೂರು ನೂರಿಪ್ಪತ್ತು ಜನ ಹಾಕುತ್ತಿದ್ದರು. ಕಚೇರಿ ಸಿಬ್ಬಂದಿ ಫೋನ್ ತೆರೆದರೆ ಷಡ್ಡಕನ ಸ್ಟೇಟಸ್ಸಲ್ಲೂ ಅದೇ, ಹಾಲಿನವನ ಸ್ಟೇಟಸ್ಸಲ್ಲೂ ಅದೇ. ಎರಡು ತಿಂಗಳೊಳಗೆ ಸರ್ವೆ ದಿನಾಂಕ ಬಂತು.

ದಾರಿ ಬದಲಿಸಿದ ಮೇಲೆ ಇದಕ್ಕೆಲ್ಲ ಆದ ಖರ್ಚು, ಡ್ರೋನ್ ಸೇರಿ, ಹನ್ನೆರಡು ಸಾವಿರ ಇರಬಹುದು. ಜಾಸ್ತಿ ಹೋದದ್ದು ಟೀಗೆ, ಜೆರಾಕ್ಸ್‌ಗೆ. ಒಂದು ಒತ್ತುವರಿ ಮಾತ್ರ ಕೋರ್ಟಿನಲ್ಲಿದೆ, ಅದಕ್ಕೆ ವಕೀಲರ ಫೀಸು ಹೊಂದಿಸುತ್ತಿದ್ದೇವೆ.