ಹೃದಯಕ್ಕೆ ಎರಡು ಎಮ್ಮೆಲ್ ಆಲ್ಕೋಹಾಲ್: ನನ್ನ ಅನುಭವ

"ಡಾಕ್ಟ್ರೇ, ಜನ್ಮದಲ್ಲಿ ಶರಾಬು ಮುಟ್ಟದವ ನಾನು. ಈಗ ಸೀದಾ ಹೃದಯಕ್ಕೇ ಹಾಕ್ತೀರಾ?"

ಮುಳ್ಳೇರಿಯ ಕಡೆಯ ಒಬ್ಬರು ಅಡಿಕೆ ಕೃಷಿಕರು ಸಹಿ ಹಾಕುವ ಮೊದಲು ಕೇಳಿದ್ದು ಇದು. ಅವರದು ಹೈಪರ್‌ಟ್ರೋಫಿಕ್ ಅಬ್‌ಸ್ಟ್ರಕ್ಟಿವ್ ಕಾರ್ಡಿಯೋಮಯೋಪತಿ: ಹೃದಯದ ಎಡ-ಬಲ ಕೋಣೆಗಳ ನಡುವಿನ ಗೋಡೆ (ಸೆಪ್ಟಮ್) ದಪ್ಪವಾಗಿ ರಕ್ತ ಹೊರಹೋಗುವ ದಾರಿಗೆ ಅಡ್ಡ ಬರುವ ಕಾಯಿಲೆ. ಆ ಗೋಡೆಗೆ ರಕ್ತ ಕೊಡುವ ಸಣ್ಣ ಕವಲಿಗೆ (ಸೆಪ್ಟಲ್) ಆಲ್ಕೋಹಾಲ್ ಬಿಟ್ಟು ದಪ್ಪವಾದ ಭಾಗವನ್ನು ಸಾಯಿಸುವುದೇ ಈ ಚಿಕಿತ್ಸೆ. ಗುಡ್ಡೆ ಹತ್ತಿದರೆ ಏದುಸಿರು. ತೋಟದಲ್ಲಿ ಮದ್ದು ಬಿಡಿಸುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಕೂತಿದ್ದರು. ಸೆಪ್ಟಮ್ 21 ಮಿಮೀ ದಪ್ಪ ಇತ್ತು ಅಂತ ನೆನಪು. ಸುಮ್ನೆ ಮಲಗಿದ್ದಾಗ ಗ್ರೇಡಿಯಂಟ್ (ಆ ಅಡ್ಡಿಯ ಆಚೆ-ಈಚೆ ರಕ್ತದ ಒತ್ತಡದ ವ್ಯತ್ಯಾಸ) 70ರ ಹತ್ತಿರ, ವಲ್ಸಾಲ್ವಾ (ಉಸಿರು ಬಿಗಿಹಿಡಿದು ಮುಕ್ಕುವುದು) ಮಾಡಿಸಿದರೆ 110 ದಾಟುತ್ತಿತ್ತು. ಮಾತ್ರೆಗಳಲ್ಲಿ ಮೊದಲು ಬೀಟಾ ಬ್ಲಾಕರ್, ಆಮೇಲೆ ವೆರಪಾಮಿಲ್ ನೋಡಿ ಆಗಿತ್ತು. ಎದೆ ತೆರೆದು ಮಯೆಕ್ಟಮಿ (ದಪ್ಪ ಗೋಡೆಯನ್ನು ಕೆತ್ತಿ ತೆಗೆಯುವ ಸರ್ಜರಿ) ಮಾಡಿಸಲು ಅವರಿಗೂ ಮನಸ್ಸಿಲ್ಲ, ಮನೆಯವರಿಗೂ ಇಲ್ಲ.

ಮಂಗಳೂರಿನ ಸ್ನೇಹಿತರು ನಕ್ಕರು. "ನೀನು ಕಾಸರಗೋಡಿನಲ್ಲಿ ಸ್ಟೆಂಟ್ ಹಾಕಿಕೊಂಡು ಇರು ಮಾರಾಯ, ಇದೆಲ್ಲ ಇಲ್ಲಿಗೆ ಕಳಿಸು." ಕಳಿಸಬಹುದಿತ್ತು. ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಇಲ್ಲಿದ್ದವರಿಗೆ ಗೊತ್ತು, ಮಂಗಳೂರು ಎಷ್ಟು ದೂರ ಆಗಬಹುದು ಅಂತ. ಅವತ್ತಿನಿಂದಲೇ ತಲೆಯಲ್ಲಿ ಇದು ಕೂತಿತ್ತು: ಆಗುವುದನ್ನೆಲ್ಲ ಕಾಸರಗೋಡಿನಲ್ಲೇ ಮಾಡಬೇಕು.

ಈ ಅಡಿಕೆ ಕೃಷಿಕರು ನನ್ನ ಮೂರನೆಯ ಕೇಸ್. ಮೊದಲನೆಯದು ಪೂರಾ ಸೋಲು. ಮೊದಲ ಸೆಪ್ಟಲ್‌ಗೆ ವೈರ್ ಹೋಯಿತು, ಬಲೂನ್ ಕೂತಿತು, ಗ್ರೇಡಿಯಂಟ್ ಸ್ವಲ್ಪ ಇಳಿಯಿತು ಕೂಡ. ಆದರೆ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಹೊಳೆಯುವ ದ್ರವ) ಹಾಕಿ ಎಕೋದಲ್ಲಿ ನೋಡಿದರೆ ಬೆಳ್ಳಗೆ ಹೊಳೆದದ್ದು ಪ್ಯಾಪಿಲರಿ ಮಸಲ್, ವಾಲ್ವನ್ನು ಹಿಡಿದಿಡುವ ಸ್ನಾಯು! ಆಲ್ಕೋಹಾಲ್ ಹಾಕದೆ ಎದ್ದು ಬಂದೆ. ಬೇರೆ ಕವಲು ಹುಡುಕಿದೆ, ಸಿಗಲಿಲ್ಲ. ಬಲೂನ್, ವೈರ್, ಗೈಡ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ನೀರಿಗೆ ಹೋಯಿತು. ಅರ್ಧ ನಾನೇ ಕೊಟ್ಟೆ, ರೋಗಿಯ ಬಿಲ್ಲಿಗೆ ಹಾಕಲು ಮುಖ ಬರಲಿಲ್ಲ.

ಕಾಂಟ್ರಾಸ್ಟ್ ಎಂದೆನಲ್ಲ, ಅದಕ್ಕೆ ದುಬಾರಿ ಬಾಟಲಿ ಏನೂ ಬೇಕಾಗಿಲ್ಲ. ಆಂಜಿಯೋ ಡೈಯನ್ನೇ ತ್ರೀ-ವೇಗೆ ಸಿಕ್ಕಿಸಿದ ಎರಡು ಸಿರಿಂಜುಗಳ ನಡುವೆ ಅತ್ತ ಇತ್ತ ತಳ್ಳುತ್ತಾ ಇದ್ದರೆ ಹಾಲಿನ ನೊರೆಯ ಹಾಗೆ ಆಗುತ್ತದೆ. ಕಣ್ಣಿಗೆ ಕಾಣುವ ಗುಳ್ಳೆ ಉಳಿಯಬಾರದು. ನಮ್ಮ ಟೆಕ್ನಿಷಿಯನ್ ಹುಡುಗ ಇದರಲ್ಲಿ ಈಗ ನನಗಿಂತ ಹುಷಾರು.

ಎರಡನೆಯ ಕೇಸ್‌ನಲ್ಲಿ ಎಲ್ಲ ಸರಿಯಾಯಿತು, ಟೇಬಲ್ ಮೇಲೆ ಗ್ರೇಡಿಯಂಟ್ 80ರಿಂದ 20ಕ್ಕೆ ಬಂತು, ನಾನು ಎಲ್ಲರಿಗೂ ಫೋನ್ ಮಾಡಿದೆ. ಮೂರನೆಯ ದಿನ ಎಕೋ ಮಾಡಿದರೆ ಮತ್ತೆ 60. ಮಂಗಳೂರಿನಲ್ಲಿ ಇನ್ನೊಮ್ಮೆ ನಗು. ಮೊದಲ ದಿನದ ಇಳಿತ ಆ ಭಾಗ ಸ್ತಬ್ಧವಾದ್ದರಿಂದ, ಆಮೇಲೆ ಊತ ಬಂದು ಏರುತ್ತದೆ, ನಿಜವಾದ ಫಲ ಗಾಯ ಒಣಗಿ ಗೋಡೆ ತೆಳ್ಳಗಾದ ಮೇಲೆ ಅಂತ ಓದಿದ್ದೆ, ಆದರೂ ನಿದ್ದೆ ಬರಲಿಲ್ಲ. ಮೂರು ತಿಂಗಳಿಗೆ 15-16ಕ್ಕೆ ಇಳಿಯಿತು. ಆಗ ನಾನು ಫೋನ್ ಮಾಡಲಿಲ್ಲ, ಎಕೋದ ಫೋಟೋ ಮಾತ್ರ ಕಳಿಸಿದೆ!

ಆದರೆ ಆ ಕೇಸೇ ದುಡ್ಡಿನ ಪಾಠವನ್ನೂ ಕಲಿಸಿತು. ಎಲ್ಲ ಚೆನ್ನಾಗಿದೆ ಅಂತ ಮರುದಿನವೇ ಟೆಂಪೊರರಿ ಪೇಸಿಂಗ್ ವೈರ್ (ಬಡಿತ ನಿಂತರೆ ಬಡಿಸಲು ಇಟ್ಟ ತಾತ್ಕಾಲಿಕ ತಂತಿ) ತೆಗೆಸಿದ್ದೆ. ಮೂರನೆಯ ರಾತ್ರಿ ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ದಾರಿ ಪೂರ್ತಿ ಕಟ್ಟಿತು), ಮತ್ತೆ ವೈರ್, ಕೊನೆಗೆ ಪರ್ಮನೆಂಟ್ ಪೇಸ್‌ಮೇಕರ್. ಒಂದೂವರೆ ಲಕ್ಷದ ಲೆಕ್ಕ. ಅವರ ಮಗ ಏನೂ ಹೇಳಲಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು ಅನಿಸಿತು. ಈಗ ವೈರ್ ಎರಡು ದಿನಕ್ಕೆ ಮೊದಲು ತೆಗೆಯುವುದಿಲ್ಲ, ಮಾನಿಟರ್‌ನಿಂದ ನಾಲ್ಕೈದು ದಿನ ಬಿಡುವುದಿಲ್ಲ. ಪೇಸ್‌ಮೇಕರ್ ಖರ್ಚನ್ನೂ ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಒಬ್ಬರಿಗೆ ಬೇಕಾಗಬಹುದು ಅಂದಾಗ ಜನ ಹೆದರುವುದಿಲ್ಲ, ಆಮೇಲೆ ಹೇಳಿದರೆ ಮಾತ್ರ ಹೆದರುತ್ತಾರೆ.

ಮುಂದೊಮ್ಮೆ ಒಬ್ಬರಿಗೆ ಆಲ್ಕೋಹಾಲ್ ಬದಲು ಕಾಯಿಲ್ (ರಕ್ತನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಹಾಕಿ ನೋಡಿದೆ. ಹಾರ್ಟ್ ಬ್ಲಾಕ್ ಆಗಲಿಲ್ಲ ನಿಜ, ಗ್ರೇಡಿಯಂಟ್ ಕೂಡ ಅರ್ಧದಷ್ಟೇ ಇಳಿಯಿತು. ಕಾಯಿಲ್‌ಗೆ ಕೊಟ್ಟ ದುಡ್ಡಿನಲ್ಲಿ ಎಷ್ಟೋ ಆಂಪ್ಯೂಲ್ ಆಲ್ಕೋಹಾಲ್ ಬರುತ್ತಿತ್ತು. ಮತ್ತೆ ಆ ಕಡೆ ಹೋಗಲಿಲ್ಲ.

ಇನ್ನು ಮುಳ್ಳೇರಿಯದವರು. ಬಲೂನ್ ಉಬ್ಬಿಸಿದ ಮೇಲೆ ಡೈ ಹಾಕಿ, ಎಲ್‌ಎಡಿಗೆ (ಈ ಕವಲು ಹೊರಡುವ, ಹೃದಯದ ಮುಂಭಾಗದ ದೊಡ್ಡ ರಕ್ತನಾಳ) ಒಂದು ಹನಿಯೂ ಹಿಂದೆ ಬರುತ್ತಿಲ್ಲ ಅಂತ ಎರಡು ಸಲ ನೋಡಿದೆ. ಇದರಲ್ಲಿ ಅವಸರ ಮಾಡಿದವನಿಗೆ ಕ್ಷಮೆ ಇಲ್ಲ. ನೋವಿಗೆ ಫೆಂಟನಿಲ್ ಮೊದಲೇ ಕೊಟ್ಟು, ಎರಡು ಎಮ್ಮೆಲ್ ಅನ್ನು ತುಂಬಾ ನಿಧಾನಕ್ಕೆ ಬಿಟ್ಟೆ. ಬಲೂನ್ ಹತ್ತು ನಿಮಿಷ ಹಾಗೇ. "ಎದೆ ಉರೀತದೆ ಡಾಕ್ಟ್ರೇ" ಅಂದರು. "ಶರಾಬು ಅಲ್ವಾ ಅಣ್ಣ, ಉರಿಯದೆ ಇರ್ತದಾ?" ಅಂದೆ. ನೋವಿನಲ್ಲೂ ನಕ್ಕರು. ರೈಟ್ ಬಂಡಲ್ ಬ್ಲಾಕ್ (ಹೃದಯದ ಬಲಗಡೆಯ ವಿದ್ಯುತ್ ದಾರಿ ಕಟ್ಟುವುದು) ಬಂತು, ಅದು ಬರುವುದೇ. ಬೇಕೆಂದೇ ಒಂದು ಎಕ್ಟೋಪಿಕ್ (ಹೊತ್ತಿಗೆ ಮುಂಚಿನ ಬಡಿತ) ಬರಿಸಿದೆ. ಮೊದಲು ಅದರ ಮುಂದಿನ ಬೀಟ್‌ನಲ್ಲಿ ಗ್ರೇಡಿಯಂಟ್ 130ಕ್ಕೆ ಹಾರುತ್ತಿತ್ತು, ಈಗ 25 ದಾಟಲಿಲ್ಲ.

ಚೂಪಾಗಿ ತಿರುಗುವ ಸೆಪ್ಟಲ್‌ಗೆ ವೈರ್ ತುದಿಯನ್ನು ಹೇಗೆ ಬಗ್ಗಿಸುತ್ತೇನೆ ಅಂತ ಕೆಲವರು ಕೇಳಿದ್ದಾರೆ. ಅದನ್ನು ಬರೆಯುವುದಿಲ್ಲ. ಕಾಸರಗೋಡಿಗೆ ಬನ್ನಿ, ಲ್ಯಾಬ್‌ನಲ್ಲಿ ತೋರಿಸುತ್ತೇನೆ, ಊಟವೂ ಹಾಕಿಸುತ್ತೇನೆ.

ಈ ಚಿಕಿತ್ಸೆಯನ್ನು ಮೊದಲು ಮಾಡಿದ ಸಿಗ್‌ವಾರ್ಟ್ 1995ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಮೂರೇ ರೋಗಿಗಳ ಬಗ್ಗೆ. ನನ್ನದು ಈಗ ಹನ್ನೊಂದೋ ಹನ್ನೆರಡೋ. ಸೆಪ್ಟಮ್ 30 ಮಿಮೀ ದಾಟಿದವರನ್ನು, ಮೈಟ್ರಲ್ ವಾಲ್ವೇ ಕೆಟ್ಟವರನ್ನು ಈಗಲೂ ಸರ್ಜನ್ ಹತ್ತಿರ ಕಳಿಸುತ್ತೇನೆ, ಅದರಲ್ಲಿ ಹಟ ಇಲ್ಲ. ಮೊನ್ನೆ ಬದಿಯಡ್ಕದ ಕಡೆಯಿಂದ ಒಬ್ಬರು ಅಮ್ಮ ಬಂದಿದ್ದರು. ಗ್ರೇಡಿಯಂಟ್ 90, ಇಸಿಜಿಯಲ್ಲಿ ಮೊದಲೇ ಲೆಫ್ಟ್ ಬಂಡಲ್ ಬ್ಲಾಕ್. ಬಲಗಡೆಯದನ್ನು ನಾನು ಕೆಡಿಸಿದರೆ ಅವರಿಗೆ ಪೇಸ್‌ಮೇಕರ್ ಖಂಡಿತ ಅಂತ ಮಗಳಿಗೆ ಹೇಳಿದ್ದೇನೆ. ಅಡಿಕೆಗೆ ರೇಟು ನೋಡಿ ಹೇಳ್ತೇವೆ ಅಂದಿದ್ದಾರೆ.