ಒಬ್ಬರೇ ತಯಾರಿಸಿದ ಸಣ್ಣ ಆ್ಯಪ್ ಅನ್ನು ಪ್ಲೇ ಸ್ಟೋರ್‌ಗೆ ತಲುಪಿಸುವ ಕ್ರಮ

ಸಂಸ್ಥೆಯ ಬೆಂಬಲವಿಲ್ಲದೆ ಸ್ವಂತವಾಗಿ ಆ್ಯಪ್ ತಯಾರಿಸುವವರಿಗೆ ಇಂದು ಕೋಡ್ ಬರೆಯುವುದಕ್ಕಿಂತಲೂ, ಬರೆದದ್ದನ್ನು ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುವಂತೆ ಮಾಡುವುದೇ ಹೆಚ್ಚು ತಾಳ್ಮೆ ಬೇಡುವ ಕೆಲಸವಾಗಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳು ತಮ್ಮ ಆ್ಯಪ್ ಅನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡುವ ಮೊದಲು ಕ್ಲೋಸ್ಡ್ ಟೆಸ್ಟಿಂಗ್, ಅಂದರೆ ನಾವೇ ಆರಿಸಿದ ಕೆಲವರು ಮಾತ್ರ ಆ್ಯಪ್ ಬಳಸಿ ನೋಡುವ ಹಂತವನ್ನು ದಾಟಲೇಬೇಕು. ಮೊದಲು ಇದಕ್ಕೆ ಕನಿಷ್ಠ 20 ಜನ ಬೇಕಾಗಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಲಾಯಿತು. ಈ ಹನ್ನೆರಡು ಮಂದಿಯೂ ಸತತವಾಗಿ 14 ದಿನ ಪರೀಕ್ಷೆಯ ಪಟ್ಟಿಯಲ್ಲಿ ಉಳಿದಿರಬೇಕು. ಅನೇಕರು ಇದನ್ನು ಕಾಟವೆಂದು ಬಗೆದು, ದುಡ್ಡು ಕೊಟ್ಟು ಅಪರಿಚಿತರ ಹೆಸರುಗಳನ್ನು ತುಂಬಿಸಿ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಮೈಸೂರು ಅಥವಾ ಮಂಡ್ಯದಲ್ಲಿ ಕುಳಿತು ಕೆಲಸ ಮಾಡುವವರಿಗೆ ಇಡೀ ಪಯಣದಲ್ಲಿ ಅತ್ಯಂತ ಬೆಲೆಬಾಳುವ ಹಂತವೇ ಇದು, ಏಕೆಂದರೆ ನಮ್ಮ ಆ್ಯಪ್ ಬಳಸಬೇಕಾದ ಜನ ಒಂದು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿದ್ದಾರೆ. ಆದ್ದರಿಂದ ಇಡೀ ಕೆಲಸವನ್ನು ಆ ಹನ್ನೆರಡು ಜನರಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಯೋಜಿಸಬೇಕೆಂಬುದು ನನ್ನ ಸಲಹೆ.

ವಿಷಯದ ಆಯ್ಕೆ

ಪಕ್ಕದಲ್ಲಿ ಕುಳಿತು ನೋಡಬಹುದಾದ ಕೆಲಸವನ್ನೇ ಆರಿಸಿಕೊಳ್ಳಿ. ಉದಾಹರಣೆಗೆ ಮಂಡ್ಯ ಸುತ್ತಮುತ್ತಲಿನ ಒಂದು ಆಲೆಮನೆಯನ್ನು ತೆಗೆದುಕೊಳ್ಳೋಣ. ಕಬ್ಬು ಕೊಟ್ಟ ರೈತರ ಬಾಕಿ, ಕೆಲಸದವರಿಗೆ ಕೊಟ್ಟ ಅಡ್ವಾನ್ಸ್, ಮಾರುಕಟ್ಟೆಗೆ ಹೋದ ಬೆಲ್ಲದ ತೂಕ ಮತ್ತು ಆ ದಿನದ ದರ, ಈ ನಾಲ್ಕೂ ಒಂದೇ ನೋಟ್‌ಬುಕ್ಕಿನ ಬೇರೆಬೇರೆ ಪುಟಗಳಲ್ಲಿ ಇರುತ್ತವೆ. ತಿಂಗಳ ಕೊನೆಯಲ್ಲಿ ಅವನ್ನು ಕೂಡಿಸುವುದೇ ಮಾಲೀಕರಿಗೆ ದೊಡ್ಡ ತಲೆನೋವು. ಅದೊಂದನ್ನು ಸರಿಯಾಗಿ ಮಾಡುವ ಆ್ಯಪ್ ಸಾಕು. ಹವಾಮಾನ, ಸುದ್ದಿ, ಚಾಟ್ ಎಂದು ಸೇರಿಸುತ್ತ ಹೋದರೆ ಮೊದಲ ಬಿಡುಗಡೆ ಆರು ತಿಂಗಳು ಮುಂದೆ ಹೋಗುತ್ತದೆ, ಮೂಲ ಕೆಲಸವೂ ಕೆಡುತ್ತದೆ. ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಯ ಉದ್ರಿ ಲೆಕ್ಕ, ಬಡಾವಣೆಯ ದರ್ಜಿಯ ಅಳತೆ ಪುಸ್ತಕ, ಹಳ್ಳಿಯ ಡೈರಿಗೆ ಹಾಕಿದ ಹಾಲಿನ ಲೀಟರು ಮತ್ತು ಬಟವಾಡೆ, ಹೀಗೆ ವರ್ಷವಿಡೀ ನಡೆಯುವ ಕೆಲಸಗಳು ಒಬ್ಬರೇ ನಿಭಾಯಿಸುವ ಆ್ಯಪ್‌ಗೆ ಹೇಳಿಮಾಡಿಸಿದಂಥವು. ದಸರಾ ಕಾರ್ಯಕ್ರಮಗಳ ಪಟ್ಟಿಯಂತಹ ಆ್ಯಪ್ ತಯಾರಿಸುವ ಆಸೆ ನಮ್ಮ ಊರಿನಲ್ಲಿ ಅನೇಕರಿಗೆ ಬರುತ್ತದೆ. ಆದರೆ ಹತ್ತು ದಿನ ಬಳಸಿ ಅಳಿಸಿಬಿಡುವ ಆ್ಯಪ್‌ನಿಂದ ಬಳಕೆದಾರರ ಬಗ್ಗೆ ಕಲಿಯಲು ಸಿಗುವುದು ತೀರ ಕಡಿಮೆ.

ಖಾತೆಯನ್ನು ಮೊದಲ ವಾರವೇ ತೆರೆಯಿರಿ

ಕೋಡ್ ಮುಗಿದ ಮೇಲೆ ಖಾತೆ ತೆರೆದರಾಯಿತು ಎಂದು ಕಾಯಬೇಡಿ. ಡೆವಲಪರ್‌ಗಳು ಆ್ಯಪ್ ಅನ್ನು ಸ್ಟೋರ್‌ಗೆ ಸೇರಿಸಿ ನಿರ್ವಹಿಸುವ ಗೂಗಲ್‌ನ ತಾಣವಾದ ಪ್ಲೇ ಕನ್ಸೋಲ್‌ನ ನೋಂದಣಿಗೆ ಒಮ್ಮೆ ಮಾತ್ರ 25 ಅಮೆರಿಕನ್ ಡಾಲರ್ ಕಟ್ಟಬೇಕಾಗುತ್ತದೆ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಸಾಮಾನ್ಯವಾಗಿ ಬಂದ್ ಆಗಿರುವುದರಿಂದ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಮೊದಲೇ ತೆರೆದುಕೊಂಡಿರಬೇಕು. ಗುರುತಿನ ಪರಿಶೀಲನೆಯಲ್ಲಿ ನಮ್ಮ ಕಡೆಯವರಿಗೆ ಎದುರಾಗುವ ತೊಡಕು ಇನಿಷಿಯಲ್‌ನದು: ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಬಗೆ. ಯಾವ ದಾಖಲೆಯನ್ನು ಕೊಡುತ್ತೀರೋ ಅದರಲ್ಲಿ ಇರುವಂತೆಯೇ ಹೆಸರನ್ನು ಖಾತೆಯಲ್ಲಿ ಬರೆಯಿರಿ.

ವೈಯಕ್ತಿಕ ಖಾತೆಯಿಂದ ಹಣ ಗಳಿಸುವ ಆ್ಯಪ್ ಬಿಡುಗಡೆ ಮಾಡಿದರೆ ನಿಮ್ಮ ಪೂರ್ಣ ವಿಳಾಸ ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಕಾಣಿಸುತ್ತದೆ. ಮನೆಯಿಂದಲೇ ಕೆಲಸ ಮಾಡುವವರು, ಅದರಲ್ಲೂ ಒಬ್ಬರೇ ಇರುವ ಹೆಣ್ಣುಮಕ್ಕಳು, ಇದನ್ನು ತಿಳಿದುಕೊಂಡೇ ಮುಂದುವರಿಯಬೇಕು. ಮೊದಲ ಆವೃತ್ತಿಯನ್ನು ಉಚಿತವಾಗಿ, ಜಾಹೀರಾತಿಲ್ಲದೆ ಬಿಟ್ಟು, ಜನ ಬಳಸುತ್ತಾರೆಂದು ಖಚಿತವಾದ ಮೇಲೆ ವಿಳಾಸದ ಬಗ್ಗೆ ತೀರ್ಮಾನಿಸುವುದೂ ಒಂದು ದಾರಿ. ಇದೇ ವಾರದಲ್ಲಿ ಪ್ಯಾಕೇಜ್ ಹೆಸರನ್ನೂ (ಸ್ಟೋರ್ ನಿಮ್ಮ ಆ್ಯಪ್ ಅನ್ನು ಗುರುತಿಸುವ ವಿಶಿಷ್ಟ ಹೆಸರು) ನಿರ್ಧರಿಸಿ, ಏಕೆಂದರೆ ಒಮ್ಮೆ ಪ್ರಕಟವಾದ ಬಳಿಕ ಅದನ್ನು ಬದಲಾಯಿಸಲು ಬರುವುದಿಲ್ಲ.

ಐಫೋನ್ ವಿಷಯ ಸದ್ಯಕ್ಕೆ ಬದಿಗಿರಲಿ. ಆ್ಯಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್ ಆಗುತ್ತದೆ, ಮ್ಯಾಕ್ ಕಂಪ್ಯೂಟರೂ ಬೇಕು. ಆಲೆಮನೆಯಲ್ಲಿ, ಹೂವಿನ ಅಂಗಡಿಯಲ್ಲಿ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನೇ.

ಕನ್ನಡ ಅಕ್ಷರ ಪರದೆಯಲ್ಲಿ ಕೂರುವ ಬಗೆ

ಇಂಗ್ಲಿಷ್‌ಗೆ ಸರಿಹೊಂದುವಂತೆ ರಚಿಸಿದ ಪರದೆಗೆ ಕನ್ನಡ ಪದಗಳನ್ನು ತುಂಬಿದ ಕೂಡಲೇ ಮೊದಲು ಹಾಳಾಗುವುದು ಒತ್ತಕ್ಷರ. ಬಟನ್‌ಗೆ ನಿಗದಿತ ಎತ್ತರ ಕೊಟ್ಟಿದ್ದರೆ ಅಕ್ಷರದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಮತ್ತು ಒತ್ತು ಕಾಣದ ಕನ್ನಡವನ್ನು ಓದುವುದು ವಯಸ್ಸಾದವರಿಗೆ ಬಹಳ ಕಷ್ಟ. ಪರೀಕ್ಷಿಸಲು ಸುಲಭದ ಉಪಾಯವೊಂದಿದೆ: ನಿಮ್ಮ ಪರದೆಯ ಪ್ರತಿಯೊಂದು ಬಟನ್‌ನಲ್ಲೂ ಪಟ್ಟಿಯಲ್ಲೂ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮದ್ದೂರು, ಮಳವಳ್ಳಿ ಎಂದು ಬರೆದು ನೋಡಿ. ಕೃಷ್ಣರಾಜಪೇಟೆಯ ವಟ್ರಸುಳಿಯೂ ಷಕಾರದ ಕೆಳಗಿನ ಒತ್ತೂ ಪೂರ್ತಿ ಕಂಡರೆ ಉಳಿದ ಪದಗಳೂ ಹೆಚ್ಚಾಗಿ ಸರಿಯಾಗಿಯೇ ಕಾಣುತ್ತವೆ. ಎತ್ತರವನ್ನು ನಿಗದಿಪಡಿಸದೆ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಕೊಡಿ, ಮತ್ತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಅತ್ಯಂತ ದೊಡ್ಡದು ಮಾಡಿ ಮತ್ತೊಮ್ಮೆ ಎಲ್ಲ ಪರದೆಗಳನ್ನೂ ನೋಡಿ. ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಫಾಂಟ್ ಅನ್ನು ಆ್ಯಪ್ ಜೊತೆಗೇ ಸೇರಿಸಿಬಿಟ್ಟರೆ ಬೇರೆಬೇರೆ ಕಂಪನಿಯ ಫೋನುಗಳಲ್ಲಿ ಒಂದೇ ರೀತಿ ಕಾಣುತ್ತದೆ.

ಹೆಸರು ಹುಡುಕುವ ಸೌಲಭ್ಯವಿದ್ದರೆ, ಒಬ್ಬರೇ ಬಳಕೆದಾರರು ಒಂದು ದಿನ ರಾಮಣ್ಣ ಎಂದು ಕನ್ನಡದಲ್ಲಿಯೂ ಮರುದಿನ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಹುಡುಕುತ್ತಾರೆ ಎಂಬುದನ್ನು ನೆನಪಿಡಿ. ಎರಡಕ್ಕೂ ಒಂದೇ ಉತ್ತರ ಸಿಗಬೇಕು. ಆ್ಯಪ್‌ನ ಗಾತ್ರವೂ ಚಿಕ್ಕದಾಗಿರಲಿ, ಏಕೆಂದರೆ ವಾಟ್ಸ್‌ಆ್ಯಪ್‌ನ ಶುಭೋದಯ ಚಿತ್ರಗಳಿಂದ ತುಂಬಿದ ಫೋನಿನಲ್ಲಿ ಜಾಗವಿಲ್ಲವೆಂಬ ಸಂದೇಶ ಬಂದಾಗ ಮೊದಲು ಹೋಗುವುದು ಹೊಸ ಆ್ಯಪ್. ಕಬ್ಬಿನ ಗದ್ದೆಯ ನಡುವೆ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆಯಾದ್ದರಿಂದ ಲೆಕ್ಕವೆಲ್ಲ ಫೋನಿನೊಳಗಿನ ಡೇಟಾಬೇಸ್‌ನಲ್ಲೇ ಉಳಿಯಲಿ. ಫೋನು ಹಾಳಾದರೆ ಲೆಕ್ಕ ಕಳೆದುಹೋಗದಂತೆ, ಒಂದು ಬಟನ್ ಒತ್ತಿದರೆ ಎಲ್ಲವೂ ಫೈಲ್ ಆಗಿ ಮಗನಿಗೋ ಮಗಳಿಗೋ ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ವ್ಯವಸ್ಥೆ ಇರಲಿ.

ಹನ್ನೆರಡು ಜನ

ಹನ್ನೆರಡು ಮಂದಿ ಬೇಕೆಂದರೆ ಹದಿನೆಂಟು ಇಪ್ಪತ್ತು ಮಂದಿಯನ್ನು ಸೇರಿಸಿ. ನಡುವೆ ಯಾರಾದರೂ ಪರೀಕ್ಷೆಯಿಂದ ಹೊರಬಂದು ಸಂಖ್ಯೆ ಕಡಿಮೆಯಾದರೆ ಹದಿನಾಲ್ಕು ದಿನಗಳ ಲೆಕ್ಕ ಕೆಡುತ್ತದೆ. ಅರ್ಧದಷ್ಟು ಜನ ಆ ಕೆಲಸವನ್ನೇ ಮಾಡುವವರಾಗಿರಲಿ, ಉಳಿದವರು ಅವರ ಮನೆಯ ಓದಿದ ಮಕ್ಕಳಾಗಿರಲಿ, ಏಕೆಂದರೆ ಆ್ಯಪ್ ಕೆಟ್ಟಾಗ ಮೊದಲು ಅಪ್ಪನಿಗೆ ಸರಿಮಾಡಿಕೊಡುವುದು ಅವರೇ.

ಪರೀಕ್ಷೆಗೆ ಸೇರಿಸಲು ಪ್ರತಿಯೊಬ್ಬರ ಜಿಮೇಲ್ ವಿಳಾಸ ಬೇಕು, ಮತ್ತು ಇಲ್ಲಿಯೇ ನಿಜವಾದ ಕಷ್ಟ ಶುರುವಾಗುವುದು. ಹಿರಿಯರನ್ನು ಕೇಳಿದರೆ, ‘ಅದೆಲ್ಲ ಗೊತ್ತಿಲ್ಲಪ್ಪ, ಮೊಬೈಲ್ ಅಂಗಡಿ ಹುಡುಗ ಹಾಕ್ಕೊಟ್ಟಿದ್ದು’ ಎನ್ನುತ್ತಾರೆ. ಫೋನ್ ಕೈಗೆ ತೆಗೆದುಕೊಂಡು, ಪ್ಲೇ ಸ್ಟೋರ್ ತೆರೆದು, ಮೇಲ್ಗಡೆ ಬಲತುದಿಯ ದುಂಡನೆಯ ಚಿತ್ರವನ್ನು ಒತ್ತಿದರೆ ಆ ವಿಳಾಸ ಕಾಣಿಸುತ್ತದೆ. ಕೆಲವೊಮ್ಮೆ ಒಂದೇ ಫೋನಿನಲ್ಲಿ ಮೂರು ಖಾತೆಗಳಿರುತ್ತವೆ, ಪ್ಲೇ ಸ್ಟೋರ್ ಬಳಸುತ್ತಿರುವ ಖಾತೆಯನ್ನೇ ಬರೆದುಕೊಳ್ಳಬೇಕು. ಆಮೇಲೆ ಪರೀಕ್ಷೆಯ ಲಿಂಕ್ ಅನ್ನು ಅದೇ ಫೋನಿನಲ್ಲಿ ತೆರೆದು ಒಪ್ಪಿಗೆಯ ಬಟನ್ ಒತ್ತಿಸಿ, ನೀವು ಅಲ್ಲಿರುವಾಗಲೇ ಇನ್‌ಸ್ಟಾಲ್ ಮಾಡಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿ ಸುಮ್ಮನಾದರೆ ಅರ್ಧ ಜನ ಬೇರೆ ಖಾತೆಯಲ್ಲಿ ತೆರೆದು, ಬರುತ್ತಿಲ್ಲವೆಂದು ಕೈಬಿಡುತ್ತಾರೆ.

ಇನ್‌ಸ್ಟಾಲ್ ಆದ ಬಳಿಕ ನೀವು ಮಾಡಬೇಕಾದದ್ದು ಸುಮ್ಮನೆ ನೋಡುವುದು ಮಾತ್ರ. ಕೊಪ್ಪರಿಗೆಯ ಪಕ್ಕದಲ್ಲಿ ನಿಂತವರ ಕೈ ಬೆಲ್ಲದ ಅಂಟಿನಲ್ಲಿರುತ್ತದೆ, ಬಿಸಿಲು ಪರದೆಯ ಮೇಲೆ ಬೀಳುತ್ತಿರುತ್ತದೆ, ಫೋನನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದಲೇ ಅಂಕಿ ಒತ್ತುತ್ತಾರೆ. ಮನೆಯಲ್ಲಿ ಚೆಂದವಾಗಿ ಕಂಡ ತಿಳಿಬೂದು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಅಂಕಿ ಬರೆಯುವ ಜಾಗದಲ್ಲಿ ಪೂರ್ತಿ ಕೀಬೋರ್ಡ್ ತೆರೆದುಕೊಂಡರೆ ತೂಕದ ಬದಲು ಅಕ್ಷರ ಬೀಳುತ್ತದೆ. ಕಬ್ಬಿಗೆ ಟನ್, ಬೆಲ್ಲಕ್ಕೆ ಕ್ವಿಂಟಾಲ್ ಎಂದು ತಾನಾಗಿಯೇ ಬಾರದಿದ್ದರೆ ಲೆಕ್ಕವೇ ತಪ್ಪುತ್ತದೆ. ಇಂತಹವನ್ನು ಯಾರೂ ದೂರು ಎಂದು ಹೇಳುವುದಿಲ್ಲ. ‘ಚೆನ್ನಾಗಿದೆ ಕಣಪ್ಪ’ ಎಂದು ಪ್ರೀತಿಯಿಂದ ಹೇಳಿ ಮತ್ತೆ ನೋಟ್‌ಬುಕ್ಕಿಗೇ ಮರಳುತ್ತಾರೆ. ಆದ್ದರಿಂದ ಹೇಗಿದೆ ಎಂದು ಕೇಳದೆ, ನೆನ್ನೆಯ ಲೆಕ್ಕವನ್ನು ಎಲ್ಲಿ ಬರೆದಿರಿ ಎಂದು ಕೇಳಿ.

ಕಂಡದ್ದನ್ನೆಲ್ಲ ದಿನಾಂಕದೊಂದಿಗೆ ಬರೆದಿಡಿ, ಹದಿನಾಲ್ಕು ದಿನಗಳಲ್ಲಿ ಎರಡು ಮೂರು ಸಲ ತಿದ್ದಿದ ಆವೃತ್ತಿ ಕಳುಹಿಸಿ. ಅವಧಿ ಮುಗಿದ ಮೇಲೆ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಸಲ್ಲಿಸುವಾಗ, ಪರೀಕ್ಷಕರನ್ನು ಹೇಗೆ ಸೇರಿಸಿದಿರಿ, ಅವರು ಏನು ಹೇಳಿದರು, ಅದರಿಂದ ಏನನ್ನು ಬದಲಾಯಿಸಿದಿರಿ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ನಿಮ್ಮ ಟಿಪ್ಪಣಿ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ದುಡ್ಡಿಗೆ ತಂದ ಹೆಸರುಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಅರ್ಜಿಯ ಪರಿಶೀಲನೆಗೆ ಮತ್ತೊಂದು ವಾರವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದಾದ್ದರಿಂದ, ದಸರಾ ಹೊತ್ತಿನ ವ್ಯಾಪಾರಕ್ಕೆ ಬೇಕಾದ ಆ್ಯಪ್ ಆಗಿದ್ದರೆ ಗೌರಿ ಹಬ್ಬಕ್ಕೆ ಮೊದಲೇ ಪರೀಕ್ಷೆ ಶುರುವಾಗಿರಬೇಕು.

ಸ್ಟೋರ್ ಪುಟ ಮತ್ತು ಖಾಸಗಿ ಮಾಹಿತಿ

ಹೆಸರಿಗೆ 30, ಚಿಕ್ಕ ವಿವರಣೆಗೆ 80, ಪೂರ್ಣ ವಿವರಣೆಗೆ 4000 ಅಕ್ಷರಗಳ ಮಿತಿ ಇದೆ. ನಮಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತಗಳಿಂದ ಆಗಿದೆ, ಹೀಗಾಗಿ ಕನ್ನಡದ ಹೆಸರಿಗೆ 30 ಬೇಗ ಮುಗಿಯುತ್ತದೆ. ಒತ್ತುಗಳು ಕಡಿಮೆಯಿರುವ ಚಿಕ್ಕ ಹೆಸರನ್ನು ಆರಿಸಿ. ಪುಟವನ್ನು ಇಂಗ್ಲಿಷ್‌ನಲ್ಲಿಯೂ ಕನ್ನಡದಲ್ಲಿಯೂ ಬೇರೆಬೇರೆಯಾಗಿ ಬರೆಯಲು ಪ್ಲೇ ಕನ್ಸೋಲ್‌ನಲ್ಲಿ ಅವಕಾಶವಿದೆ, ಎರಡನ್ನೂ ಬಳಸಿ. 512 ಪಿಕ್ಸೆಲ್ ಚೌಕದ ಐಕಾನ್, 1024ಕ್ಕೆ 500 ಪಿಕ್ಸೆಲ್‌ನ ಮುಖಚಿತ್ರ ಮತ್ತು ಕನ್ನಡ ಪರದೆಗಳ ಚಿತ್ರಗಳನ್ನು ಸಿದ್ಧಪಡಿಸಿ. ಪರದೆಯ ಚಿತ್ರದಲ್ಲಿ ನಿಜವಾದ ರೈತರ ಹೆಸರು, ಬಾಕಿ ಕಾಣದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಡೇಟಾ ಸೇಫ್ಟಿ ಎಂಬ ವಿಭಾಗದಲ್ಲಿ ಆ್ಯಪ್ ಯಾವ ಮಾಹಿತಿಯನ್ನು ಸಂಗ್ರಹಿಸುತ್ತದೆಂದು ಘೋಷಿಸಬೇಕು, ಜೊತೆಗೆ ಖಾಸಗಿತನ ನೀತಿಯ ಪುಟದ ಕೊಂಡಿಯನ್ನೂ ಕೊಡಬೇಕು. ಕಾಂಟ್ಯಾಕ್ಟ್, ಎಸ್‌ಎಂಎಸ್, ಲೊಕೇಶನ್ ಅನುಮತಿಗಳನ್ನು ತೀರ ಅಗತ್ಯವಿಲ್ಲದೆ ಕೇಳಬೇಡಿ. ಕೇಳಿದರೆ ಪರಿಶೀಲನೆಯೂ ತಡವಾಗುತ್ತದೆ, ಜನರ ನಂಬಿಕೆಯೂ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಕನ್ನಡ ಅವುಗಳಲ್ಲಿ ಒಂದು. ಅದೇ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆಯಾದ್ದರಿಂದ ಶಾಲಾ ಮಕ್ಕಳ ಆ್ಯಪ್ ಮಾಡುವವರು ಇನ್ನಷ್ಟು ಜಾಗರೂಕರಾಗಿರಬೇಕು.

ಹಣದ ಮಾತು

ಒಂದು ಜಿಲ್ಲೆಯ ಕೆಲವು ನೂರು ಜನ ಬಳಸುವ ಆ್ಯಪ್‌ಗೆ ಜಾಹೀರಾತು ಹಾಕುವುದನ್ನು ನಾನು ಒಪ್ಪುವುದಿಲ್ಲ. ಗೂಗಲ್‌ನ ಜಾಹೀರಾತು ಸೇವೆಯಾದ ಆ್ಯಡ್‌ಮಾಬ್‌ನಲ್ಲಿ ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸುವ ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಮುಟ್ಟಿದ ಮೇಲಷ್ಟೇ ಹಣ ಸಿಗುತ್ತದೆ. ಅಷ್ಟರೊಳಗೆ ಲೆಕ್ಕದ ನಡುವೆ ಬಂದು ಬೀಳುವ ಜಾಹೀರಾತನ್ನು ಗೊತ್ತಿಲ್ಲದೆ ಒತ್ತಿ, ಬೇರೆ ಏನೋ ತೆರೆದುಕೊಂಡಿತೆಂದು ಹೆದರಿ ಜನ ಆ್ಯಪ್ ಅನ್ನೇ ತೆಗೆದುಬಿಟ್ಟಿರುತ್ತಾರೆ. ಮೂಲ ಲೆಕ್ಕವನ್ನು ಉಚಿತವಾಗಿಟ್ಟು, ವರ್ಷದ ವರದಿಯಂತಹ ಸೌಲಭ್ಯಕ್ಕೆ ಸಣ್ಣ ಚಂದಾ ಇಡುವುದು ಮೇಲು. ಡಿಜಿಟಲ್ ಸೌಲಭ್ಯವನ್ನು ಆ್ಯಪ್‌ನೊಳಗೆ ಪ್ಲೇ ಸ್ಟೋರ್‌ನ ಪಾವತಿ ವ್ಯವಸ್ಥೆಯಾದ ಪ್ಲೇ ಬಿಲ್ಲಿಂಗ್ ಮೂಲಕ ಮಾರಿದರೆ, ಗೂಗಲ್ ಎಷ್ಟು ಪಾಲನ್ನು ಸೇವಾ ಶುಲ್ಕವಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಮೊದಲೇ ನೋಡಿಕೊಂಡು ಬೆಲೆ ನಿಗದಿಪಡಿಸಿ. ತೆರಿಗೆ ವಿಚಾರವನ್ನು ಮೊದಲ ಹಣ ಬರುವ ಮುನ್ನವೇ ಊರಿನ ಲೆಕ್ಕಪರಿಶೋಧಕರೊಬ್ಬರ ಬಳಿ ಕೇಳಿಕೊಳ್ಳಿ.

ಬಿಡುಗಡೆಯಾದ ಮೇಲೆ

ಹೊಸ ಆ್ಯಪ್‌ಗಳನ್ನು 2021ರ ಆಗಸ್ಟ್‌ನಿಂದ ಆ್ಯಪ್ ಬಂಡಲ್ (ಪ್ಲೇ ಸ್ಟೋರ್ ಪ್ರತಿ ಫೋನಿಗೆ ತಕ್ಕ ಆ್ಯಪ್ ತಯಾರಿಸಿಕೊಳ್ಳುವ ಫೈಲ್) ರೂಪದಲ್ಲಿಯೇ ಕೊಡಬೇಕಾಗಿದೆ. ಹಂತಹಂತವಾಗಿ ಇಷ್ಟು ಶೇಕಡಾ ಜನರಿಗೆ ಎಂದು ಬಿಡುವ ಸೌಲಭ್ಯ ಮೊದಲ ಬಿಡುಗಡೆಗೆ ಇಲ್ಲ, ನಂತರದ ಅಪ್‌ಡೇಟ್‌ಗಳಿಗೆ ಮಾತ್ರ. ಆದ್ದರಿಂದ ಮೊದಲ ಸಲ ಭಾರತಕ್ಕೆ ಮಾತ್ರ ಸೀಮಿತಗೊಳಿಸಿ. ಆ್ಯಪ್‌ನ ಆರೋಗ್ಯವನ್ನು ತೋರಿಸುವ ಪ್ಲೇ ಕನ್ಸೋಲ್‌ನ ಆಂಡ್ರಾಯ್ಡ್ ವೈಟಲ್ಸ್ ಪುಟವನ್ನು ಮೊದಲ ವಾರ ದಿನವೂ ನೋಡಿ: ದಿನವೂ ಬಳಸುವವರಲ್ಲಿ, ಆ್ಯಪ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವ ಕ್ರ್ಯಾಶ್ ಅರಿವಿಗೆ ಬಂದವರು ಶೇ. 1.09 ದಾಟಿದರೆ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಕಾಣಿಸುವುದೇ ಕಡಿಮೆಯಾಗಬಹುದು. ವಿಮರ್ಶೆಗಳಿಗೆ 350 ಅಕ್ಷರಗಳೊಳಗೆ ಕನ್ನಡದಲ್ಲಿಯೇ ಉತ್ತರಿಸಿ. ನಮ್ಮ ಜನ ವಿಮರ್ಶೆ ಬರೆಯುವುದಕ್ಕಿಂತ ಫೋನ್ ಮಾಡುವುದೇ ಹೆಚ್ಚು. ಅದಕ್ಕೆಂದೇ ಬೇರೆ ಸಿಮ್ ಒಂದನ್ನಿಟ್ಟು, ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಎಂದು ಆ್ಯಪ್‌ನೊಳಗೇ ತಿಳಿಸಿ.

ಹೊಸ ಆಂಡ್ರಾಯ್ಡ್ ಆವೃತ್ತಿಗೆ ತಕ್ಕಂತೆ ಆ್ಯಪ್ ಅನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾರ್ಪಡಿಸಬೇಕು. ಬಹುಕಾಲ ಹಾಗೇ ಬಿಟ್ಟರೆ ಹೊಸ ಫೋನ್ ಕೊಂಡವರಿಗೆ ಅದು ಸ್ಟೋರ್‌ನಲ್ಲಿ ಸಿಗುವುದಿಲ್ಲ. ಆ ಕೆಲಸಕ್ಕೆ ಒಂದು ತಿಂಗಳನ್ನು ಈಗಲೇ ಗುರುತುಹಾಕಿಕೊಳ್ಳಿ. ಮುಂದುವರಿಸಲಾಗದ ಸ್ಥಿತಿ ಬಂದರೆ ಕನಿಷ್ಠ ಮೂರು ತಿಂಗಳು ಮೊದಲು ಆ್ಯಪ್‌ನೊಳಗೆ ತಿಳಿಸಿ, ಎಲ್ಲ ಲೆಕ್ಕವನ್ನೂ ಮುದ್ರಿಸಬಹುದಾದ ಪಿಡಿಎಫ್ ಆಗಿ ತೆಗೆದುಕೊಳ್ಳುವ ಬಟನ್ ಇರುವ ಕೊನೆಯ ಅಪ್‌ಡೇಟ್ ಕಳುಹಿಸಿ, ಪರೀಕ್ಷೆಗೆ ನೆರವಾದ ಆ ಹನ್ನೆರಡು ಮಂದಿಗೆ ನೀವೇ ಫೋನ್ ಮಾಡಿ ಹೇಳಿ.